ಕಾಂಪೌಂಡಿನ ಮೇಲಿಟ್ಟ ಕಡ್ಡಿಗಳು

ದೊಡ್ಡಮ್ಮನವರ ಬಲಗೈ ಹೆಬ್ಬೆರಳಿನ ಉಗುರು ಕಂದು ಬಣ್ಣದ್ದು. ಅದು ಹುಟ್ಟಿನಿಂದ ಬಂದ ಗುರುತಲ್ಲ. ಕ್ರೋಟನ್ ಗಿಡದ ಕಡ್ಡಿಯನ್ನು ಮುರಿದಾಗ ಒಸರುವ ರಸ ನೋಡುವುದಕ್ಕೆ ನೀರು ಬೆರೆತ ಹಾಲಿನಂತಿರುತ್ತದೆ. ಒಣಗಿತೆಂದರೆ ಕಾಫಿಯ ಕಲೆಯಂತೆ ಕಂದಿ ಕೂತುಬಿಡುತ್ತದೆ. ಅವರು ಎಂದೂ ಕತ್ತರಿ ಹಿಡಿದವರಲ್ಲ. ಎಳೆಯ ಕಡ್ಡಿಯನ್ನು ತೋರುಬೆರಳಿಗೂ ಹೆಬ್ಬೆರಳಿನ ಉಗುರಿಗೂ ನಡುವೆ ಸಿಕ್ಕಿಸಿ, ಅವರೆಕಾಯಿಯ ನಾರು ತೆಗೆಯುವಷ್ಟು ಸಲೀಸಾಗಿ ಚಿವುಟುತ್ತಿದ್ದರು. ವರ್ಷಗಟ್ಟಲೆ ಚಿವುಟಿದ ರಸವೆಲ್ಲ ಆ ಒಂದು ಉಗುರಿನಲ್ಲಿ ಇಂಗಿತ್ತು. ಹುಣಿಸೆಹಣ್ಣು, ಒಲೆಯ ಬೂದಿ, ಸೀಗೆಪುಡಿ, ಯಾವುದಕ್ಕೂ ಅದು ಜಗ್ಗಲಿಲ್ಲ. ಅವರ ಬಿಳಿಯ ಸೀರೆಯ ಸೆರಗಿನ ತುದಿಯಲ್ಲಿಯೂ ಅದೇ ಬಣ್ಣದ ಚುಕ್ಕೆಗಳಿದ್ದವು.

ಈ ಸಂಗತಿಯನ್ನು ಎಲ್ಲಕ್ಕಿಂತ ಮೊದಲು ನಮೂದಿಸಲು ಕಾರಣವಿದೆ. ಅದನ್ನು ಯಥಾಸ್ಥಾನದಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ನಾನು ಕಚೇರಿಯೊಂದರಲ್ಲಿ ಗುಮಾಸ್ತೆಯ ಕೆಲಸದಲ್ಲಿರುವವಳು. ಇದುವರೆಗೆ ಬರೆದಿರುವುದೆಲ್ಲ ಬೇರೆಯವರ ಸಹಿಗಾಗಿ ಸಿದ್ಧಪಡಿಸಿದ ಪತ್ರಗಳು. ಒಬ್ಬರ ಬದುಕನ್ನು ಕುರಿತು ಬರೆಯಲು ಕೂತಿರುವುದು ಇದೇ ಪ್ರಥಮ. ಮಾತು ಎಲ್ಲಿಯಾದರೂ ಕಡತದ ಭಾಷೆಗೆ ಜಾರಿದರೆ ಓದುವವರು ಮನ್ನಿಸಬೇಕಾಗಿ ಕೋರುತ್ತೇನೆ. ನನಗೆ ಬರುವುದು ಆ ಭಾಷೆ ಒಂದೇ. ಮತ್ತು ಈ ವಿಷಯದಲ್ಲಿ ತಪ್ಪು ನಡೆದಿರುವುದೂ ಆ ಭಾಷೆಯಲ್ಲಿಯೇ.

ಸ್ವಾತಂತ್ರ್ಯ ಬಂದ ವರ್ಷ ನಾವು ಮೈಸೂರಿನ ಒಂಟಿಕೊಪ್ಪಲಿನ ಒಂದು ಬೀದಿಗೆ ಬಾಡಿಗೆಗೆ ಬಂದೆವು. ನಮ್ಮ ತಂದೆಯವರು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದರು. ಪಕ್ಕದ ಹೆಂಚಿನ ಮನೆ ದೊಡ್ಡಮ್ಮನವರದು. ಅವರು ನಮಗೆ ಬಂಧುಗಳಲ್ಲ, ಊರಿನವರೂ ಅಲ್ಲ. ನಮ್ಮ ತಾಯಿಗಿಂತ ಹಿರಿಯರಾದ್ದರಿಂದ ದೊಡ್ಡಮ್ಮ ಎಂದು ಕರೆದೆವು, ಅದೇ ನಿಂತಿತು. ಅವರು ಬೋಗಾದಿಯ ಒಕ್ಕಲು ಮನೆತನದಲ್ಲಿ ಹುಟ್ಟಿದವರು. ಯಜಮಾನರು ದೊಡ್ಡ ಅಧಿಕಾರಿಯೊಬ್ಬರ ಬಂಗಲೆಯ ತೋಟದಲ್ಲಿ ಮೇಸ್ತ್ರಿಯಾಗಿದ್ದರು. ಅಲ್ಲಿ ಗಿಡಗಳನ್ನು ಸವರಿದ ದಿನ, ಕಸಕ್ಕೆ ಹೋಗಬೇಕಾದ ಕಡ್ಡಿಗಳನ್ನು ಪಂಚೆಯ ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ತರುತ್ತಿದ್ದರಂತೆ. ನಾವು ಬರುವುದಕ್ಕೆ ಒಂದು ವರ್ಷ ಮೊದಲು ಅವರು ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಮಡಿಲಲ್ಲಿ ಬಂದ ಕಡ್ಡಿಗಳು ಮಾತ್ರ ಮನೆಯ ನಾಲ್ಕು ಕಡೆಗೂ ಬೆಳೆದು ನಿಂತಿದ್ದವು.

ಆ ತೋಟದಲ್ಲಿ ಹೂವಿನ ಗಿಡವೆಂಬುದು ಒಂದೂ ಇರಲಿಲ್ಲ. ಎಲ್ಲವೂ ಎಲೆ. ಹಳದಿ ಚುಕ್ಕೆಯ ಕ್ರೋಟನ್, ಜಡೆಯಂತೆ ತಿರುಚಿಕೊಂಡ ಕೆಂಪು ಎಲೆಯ ಕ್ರೋಟನ್, ನೆರಳಿನಲ್ಲಿ ಗುಲಾಬಿ ನರಗಳ ಬಣ್ಣದ ಕೆಸ, ಬಾವಿಯ ಪಕ್ಕದಲ್ಲಿ ನೇರಳೆಗೆ ಹಸಿರು ಅಂಚು ಹಾಕಿದಂತಹ ಕೋಲಿಯಸ್. ದೊಡ್ಡಮ್ಮನವರಿಗೆ ಈ ಹೆಸರುಗಳು ಬೇಕಿರಲಿಲ್ಲ. ಅವರ ಬಾಯಲ್ಲಿ ಅವು ಚುಕ್ಕಿ ಸೀರೆ, ಜಡೆಕುಚ್ಚು, ಧಾರೆ ಸೀರೆ, ಅಂಚಿನ ಸೀರೆ. ಒಂದು ದಿನ ನಾನು, ಇಂತಹ ಸೀರೆಗಳೆಲ್ಲ ನಿಮ್ಮ ಪೆಟ್ಟಿಗೆಯಲ್ಲಿ ಇವೆಯೇ ಎಂದು ವಿಚಾರಿಸಿದೆ.

“ಇದ್ವು ಕೂಸೇ. ತಮ್ಮನ ಹೆಣ್ಮಕ್ಳು ಉಟ್ಟು ಹರ್ದಾಕಿದ್ರು. ಇವು ಹರಿಯಕ್ಕಿಲ್ಲ ಬುಡು” ಎಂದರು.

ಹೂವಿನ ಗಿಡ ಏಕಿಲ್ಲವೆಂದು ಕೇಳುವ ಧೈರ್ಯ ಬರುವುದಕ್ಕೆ ನನಗೆ ಕೆಲವು ವರ್ಷಗಳು ಬೇಕಾದವು. ಅವರು ಬೇಸರಪಟ್ಟುಕೊಳ್ಳಲಿಲ್ಲ. ಹೂ ಬಿಟ್ಟರೆ ಬೆಳಗಾಗೆದ್ದು ಯಾರಾದರೂ ಬುಟ್ಟಿ ಹಿಡಿದು ಬರುತ್ತಾರೆ, ಬಂದವರು ಬಾಗಿಲಲ್ಲಿ ನನ್ನ ಮುಖ ನೋಡಿ ಹಿಂದಕ್ಕೆ ಹೋಗುತ್ತಾರೆ, ಅವರಿಗೂ ಕಷ್ಟ ನನಗೂ ಕಷ್ಟ ಎಂದು ವಿವರಿಸಿದರು. ಕೊನೆಗೆ, “ಎಲೆಗೆ ಆ ರಗಳೆ ಇಲ್ಲ. ಈ ಎಲೆನ ಯಾರೂ ಮುಡಿಯಕ್ಕಿಲ್ಲ, ದೇವ್ರಿಗೂ ಏರ್ಸಕ್ಕಿಲ್ಲ” ಎಂದು ಹೇಳಿ ಕೊಡದಲ್ಲಿದ್ದ ನೀರನ್ನು ಬುಡಕ್ಕೆ ಸುರಿದರು.

ಆದರೆ ಬೀದಿಯ ಹೆಂಗಸರಿಗೆ ಆ ಎಲೆಗಳು ಬೇಕಾಗಿದ್ದವು. ಅಂತಹ ಬಣ್ಣಗಳು ಒಂಟಿಕೊಪ್ಪಲಿನಲ್ಲಿ ಬೇರೆಲ್ಲಿಯೂ ಇರಲಿಲ್ಲ. ಕೇಳಿ ಪಡೆಯುವಂತಿರಲಿಲ್ಲ, ಮುಂಬಾಗಿಲಿನಲ್ಲಿ ನೆಡುವ ಗಿಡವನ್ನು ಗಂಡ ಸತ್ತವರ ಕೈಯಿಂದ ತೆಗೆದುಕೊಳ್ಳಬಾರದೆಂಬ ಭಾವನೆ ಎಲ್ಲರಲ್ಲಿಯೂ ಇತ್ತು. ನಮ್ಮ ತಾಯಿಯವರಲ್ಲಿಯೂ ಇತ್ತು ಎಂಬುದನ್ನು ಮರೆಮಾಚದೆ ತಿಳಿಸುತ್ತೇನೆ. ಈ ತೊಡಕಿಗೆ ಪರಿಹಾರವನ್ನು ಕಂಡುಹಿಡಿದವರು ದೊಡ್ಡಮ್ಮನವರೇ. ಕದ್ದು ನೆಟ್ಟ ಗಿಡ ಚೆನ್ನಾಗಿ ಹತ್ತುತ್ತದೆ ಎಂಬ ಮಾತು ನಮ್ಮ ಕಡೆ ಉಂಟಷ್ಟೆ. ಪ್ರತಿ ಗುರುವಾರ ಸಂಜೆ ಅವರು ಐದಾರು ಕಡ್ಡಿಗಳನ್ನು ಚಿವುಟಿ, ತುದಿಗೆ ಕೆಮ್ಮಣ್ಣು ಮೆತ್ತಿ, ಒದ್ದೆ ಗೋಣಿಯ ತುಂಡಿನಲ್ಲಿ ಸುತ್ತಿ, ಬೀದಿಯ ಕಡೆಯ ಕಾಂಪೌಂಡಿನ ಮೇಲೆ ಮರೆತವರಂತೆ ಇಟ್ಟು ಒಳಗೆ ಹೋಗುತ್ತಿದ್ದರು. ಒಳಗಿನಿಂದ ಚೊಂಬಿನಲ್ಲಿ ಹಂಡೆಯನ್ನು ಎರಡು ಸಲ ಬಡಿದ ಸದ್ದು ಬರುತ್ತಿತ್ತು. ನಾನು ಒಳಗಿದ್ದೇನೆ, ನೋಡುತ್ತಿಲ್ಲ, ಕದಿಯುವವರು ಕದಿಯಬಹುದು ಎಂದು ಅದರ ಅರ್ಥ. ಶುಕ್ರವಾರ ಬೆಳಿಗ್ಗೆ ನೋಡಿದರೆ ಕಾಂಪೌಂಡಿನ ಮೇಲೆ ಗೋಣಿಯ ತುಂಡು ಮಾತ್ರ ನೀಟಾಗಿ ಮಡಿಸಿಟ್ಟಿರುತ್ತಿತ್ತು.

ಎದುರು ಮನೆಗೆ ಹೊಸದಾಗಿ ಬಂದ ಸೊಸೆಗೆ ಹಂಡೆಯ ಲೆಕ್ಕಾಚಾರ ತಿಳಿದಿರಲಿಲ್ಲ. ದೊಡ್ಡಮ್ಮನವರು ಇನ್ನೂ ಕಡ್ಡಿಗಳನ್ನು ಜೋಡಿಸುತ್ತಿರುವಾಗಲೇ ಬಂದು ಕಾಂಪೌಂಡಿನ ಮುಂದೆ ನಿಂತುಬಿಟ್ಟಳು. ಮುಂದಕ್ಕೂ ಬರಲಾರಳು, ಹಿಂದಕ್ಕೂ ಹೋಗಲಾರಳು. ದೊಡ್ಡಮ್ಮನವರು ಕೂಡಲೇ ಅವಳಿಗೆ ಬೆನ್ನು ಹಾಕಿ, ಕತ್ತೆತ್ತಿ ಹೆಂಚಿನ ಮೇಲಿದ್ದ ಗೊರವಂಕವನ್ನು ನೋಡುತ್ತ ನಿಂತರು. ಹುಡುಗಿ ಕದಲಲಿಲ್ಲ.

“ಕದಿಯೋರು ಬಿರ್ನೆ ಕದೀಬೇಕು ಕಣವ್ವ. ನನ್ ಕತ್ತು ನೋಯ್ತದೆ” ಎಂದು ಗೊರವಂಕಕ್ಕೆ ಹೇಳಿದರು.

ಹುಡುಗಿ ನಗುತ್ತ ಎರಡು ಕಡ್ಡಿಗಳನ್ನು ಎತ್ತಿಕೊಂಡು ಓಡಿದಳು. ಹೀಗೆ ಹತ್ತು ವರ್ಷಗಳಲ್ಲಿ ನಮ್ಮ ಬೀದಿಯ ಪ್ರತಿಯೊಂದು ಮನೆಯ ಮುಂದೆಯೂ ಚುಕ್ಕಿ ಸೀರೆ, ಜಡೆಕುಚ್ಚುಗಳು ಬೆಳೆದು ನಿಂತವು. ಎಲ್ಲವೂ ಕಳವಿನ ಮಾಲು. ಎಲ್ಲವನ್ನೂ ಬಲ್ಲ ದೊಡ್ಡಮ್ಮನವರು ಬೀದಿಯಲ್ಲಿ ಹೋಗುವಾಗ ಯಾರ ಮನೆಯ ಗಿಡವನ್ನೂ ನಿಂತು ನೋಡುತ್ತಿರಲಿಲ್ಲ.

ಎಲೆಯ ತೋಟಕ್ಕೆ ಹಕ್ಕಿಗಳು ಏಕೆ ಬರುತ್ತವೆ ಎಂದು ನನಗೆ ಮೊದಮೊದಲು ಆಶ್ಚರ್ಯವಾಗುತ್ತಿತ್ತು. ಹಣ್ಣಿಲ್ಲ, ಕಾಳಿಲ್ಲ. ಅವು ಬರುತ್ತಿದ್ದದ್ದು ಮರೆಗಾಗಿ. ಹಿತ್ತಿಲಿನ ಕೊನೆಯಲ್ಲಿದ್ದ ಕ್ರೋಟನ್ ಸಾಲು ಆಳೆತ್ತರಕ್ಕೆ ಬೆಳೆದು ಒಳಗೆ ಕೈ ತೂರದಷ್ಟು ಒತ್ತಾಗಿತ್ತು. ಪ್ರತಿ ಬೇಸಿಗೆಯಲ್ಲಿಯೂ ಪಿಕಳಾರದ ಜೋಡಿ ಅದರೊಳಗೆ ಬಟ್ಟಲಿನಷ್ಟು ಗೂಡು ಕಟ್ಟುತ್ತಿತ್ತು. ದೊಡ್ಡಮ್ಮನವರು ಅದನ್ನು ಜುಟ್ಟಿನ ಹಕ್ಕಿ ಎನ್ನುತ್ತಿದ್ದರು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಸಿಂಪಿಗ ಹಕ್ಕಿ ಅಗಲವಾದ ಎಲೆಯ ಅಂಚುಗಳನ್ನು ಹತ್ತಿಯ ಎಳೆಯಿಂದ ಹೊಲಿದು ಚೀಲ ಮಾಡುತ್ತಿತ್ತು. ಅದು ಹೊಲಿಯುವುದಕ್ಕೆಂದು ದೊಡ್ಡಮ್ಮನವರು ದೀಪದ ಬತ್ತಿಯ ಹತ್ತಿಯನ್ನು ಕೊಂಬೆಗೆ ಸಿಕ್ಕಿಸುತ್ತಿದ್ದರು. ಒಡೆದ ಮಡಕೆಯ ತಳದಲ್ಲಿ ದಿನವೂ ನೀರು ಇಡುತ್ತಿದ್ದರು. ನಾನು ಬಾಯಲ್ಲಿ ಸದ್ದು ಮಾಡಿ ಹಕ್ಕಿಗಳನ್ನು ಕರೆಯಹೋದಾಗ ಅವರು ತಡೆದ ಮಾತು ಹೀಗಿತ್ತು:

“ಹಕ್ಕಿನ ಬಾ ಅಂತ ಕರೀಬಾರ್ದು, ಹೋದ್ರೆ ಯಾಕೋದೆ ಅಂತ ಕೇಳ್ಬಾರ್ದು. ನೀರಿಟ್ಟು ಸುಮ್ಕಿರ್ಬೇಕು ಕೂಸೇ.”

ಮನುಷ್ಯರ ವಿಷಯದಲ್ಲಿಯೂ ಅವರ ನಡತೆ ಇದೇ ಆಗಿತ್ತು. ನಾನು ಮೆಟ್ರಿಕ್ ಪರೀಕ್ಷೆಗೆ ಓದಿದ್ದು ಅವರ ಹಿತ್ತಿಲಿನ ಬಾವಿಕಟ್ಟೆಯ ಮೇಲೆ. ನಮ್ಮ ಮನೆಯಲ್ಲಿ ಜನ ಹೆಚ್ಚು, ಸದ್ದು ಹೆಚ್ಚು. ಬಾ ಎಂದು ಅವರು ಕರೆದವರಲ್ಲ. ಹೋದ ದಿನ ಚಾಪೆ ಹಾಸಿರುತ್ತಿತ್ತು. ಹೆಣ್ಣುಮಗಳಿಗೆ ಇಷ್ಟು ಓದು ಸಾಕೆಂದು ಮನೆಯಲ್ಲಿ ಮಾತು ಬಂದಾಗ ಅವರು ಒಂದು ಸಂಜೆ ನಮ್ಮ ತಾಯಿಯವರೊಡನೆ ಗೋಡೆಯ ಆಚೆಯಿಂದಲೇ ಬಹಳ ಹೊತ್ತು ಮಾತನಾಡಿದರು. ಏನು ಮಾತನಾಡಿದರೆಂಬುದು ನನಗೆ ತಿಳಿಯದು. ಮರುದಿನದಿಂದ ಆ ಮಾತು ಬರಲಿಲ್ಲ. ನಾನು ಇಂದು ಕಚೇರಿಯಲ್ಲಿ ಕುರ್ಚಿಯ ಮೇಲೆ ಕುಳಿತಿರುವುದಕ್ಕೆ ಮೂಲ ಆ ಸಂಜೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ.

ನಮ್ಮ ಎರಡು ಸಾಲು ಮನೆಗಳ ಹಿತ್ತಿಲುಗಳ ನಡುವೆ ಚರಂಡಿ ಹರಿಯುವ ಒಂದು ಓಣಿಯಿದೆ. ಮೈಸೂರಿನಲ್ಲಿ ಇದಕ್ಕೆ ಕನ್ಸರ್ವೆನ್ಸಿ ಎನ್ನುವುದು ರೂಢಿ. ಆ ಕಡೆಗೆ ದೊಡ್ಡಮ್ಮನವರ ಮನೆಗೆ ಗೋಡೆ ಇರಲಿಲ್ಲ. ನೆಲದಲ್ಲಿ ಹೂತ ಗಡಿಕಲ್ಲು ಮಾತ್ರ ಇತ್ತು. ಓಣಿ ಅಲ್ಲಿ ಕೊಂಚ ಅಗಲವಾಗಿದ್ದು, ಒಡಕು ಮಡಕೆಗಳನ್ನು ಸುರಿಯುವ ತಿಪ್ಪೆಯಾಗಿತ್ತಂತೆ. ಅವರ ಯಜಮಾನರು ಅದನ್ನು ಹಸನು ಮಾಡಿ ಕ್ರೋಟನ್ ಸಾಲನ್ನು ಗಡಿಕಲ್ಲಿನ ಆಚೆಗೆ ನೆಟ್ಟಿದ್ದರು. ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಕಸ ಹೋಗಿ ಬಣ್ಣ ಬಂದಿತೆಂದು ಎಲ್ಲರೂ ಸಂತೋಷಪಟ್ಟಿದ್ದರು. ಗಡಿಕಲ್ಲು ಎಲೆಗಳ ಕೆಳಗೆ ಮುಚ್ಚಿಹೋಯಿತು, ಮಾತಿನಿಂದಲೂ ಮರೆಯಾಯಿತು.

ನಯಾಪೈಸೆ ಬಂದ ವರ್ಷದ ಬೇಸಿಗೆಯಲ್ಲಿ ಓಣಿಯ ಚರಂಡಿ ಕುಸಿದು ಕಟ್ಟಿಕೊಂಡಿತು. ಕೊಳಕು ನೀರು ಕ್ರೋಟನ್ ಸಾಲಿನ ಬುಡದಲ್ಲಿ ನಿಂತಿತು. ವಾರ ಕಳೆಯುವುದರೊಳಗೆ ಜಡೆಕುಚ್ಚಿನ ಎಲೆಗಳು ಬಣ್ಣಗೆಟ್ಟು ಉದುರತೊಡಗಿದವು. ದೊಡ್ಡಮ್ಮನವರು ದಿನವೂ ಬಕೆಟ್ಟಿನಲ್ಲಿ ನೀರನ್ನು ಮೊಗೆದು ಹಾಕುವರು. ಮರುದಿನ ಅಷ್ಟೇ ನೀರು. ಮುನಿಸಿಪಾಲಿಟಿಯ ಜವಾನರಿಗೆ ಹೇಳಿದ್ದಾಯಿತು, ಅಲ್ಲಿಯ ಮೇಸ್ತ್ರಿಗೆ ಹೇಳಿದ್ದಾಯಿತು. ಕೊನೆಗೆ ಗೋಡೆಯ ಬಳಿ ಬಂದು, “ಕೂಸೇ, ನಿಮ್ಮಪ್ಪಾರಂಗೆ ನೀನೂ ಬರೀತೀಯಂತಲ್ಲ. ಒಂದು ಅರ್ಜಿ ಬರ್ಕೊಡವ್ವ. ಯಜಮಾನ್ರು ನೆಟ್ಟ ಸಾಲು, ಕಣ್ಮುಂದೆ ಕೊಳೀತಾ ಅದೆ” ಎಂದರು.

ಆಗ ನನಗೆ ಹತ್ತೊಂಬತ್ತು ವರ್ಷ. ಗುಮಾಸ್ತೆಯ ಹುದ್ದೆಗೆ ಅರ್ಜಿ ಹಾಕಿ ಆದೇಶಕ್ಕಾಗಿ ಕಾಯುತ್ತಿದ್ದೆ. ತಂದೆಯವರು ಪ್ರತಿ ಭಾನುವಾರ ನನ್ನಿಂದ ಪತ್ರ ಬರೆಸಿ ತಿದ್ದುತ್ತಿದ್ದರು. ಪತ್ರದಲ್ಲಿ ಕಣ್ಣೀರು ಇರಕೂಡದು, ಅಳತೆ ಇರಬೇಕು ಎಂಬುದು ಅವರ ಉಪದೇಶ. ಓದುವ ಅಧಿಕಾರಿಗೆ ಎಷ್ಟು, ಎಲ್ಲಿ, ಎಂದಿನಿಂದ ಎಂಬುದು ತಿಳಿದರೆ ಮಾತ್ರ ಕೆಲಸವಾಗುತ್ತದೆ ಎನ್ನುತ್ತಿದ್ದರು. ಆಗ ಅವರು ಎರಡು ವಾರಗಳ ಕ್ಯಾಂಪಿನ ಮೇಲೆ ಹೊರಗೆ ಹೋಗಿದ್ದರು. ಬರುವುದರೊಳಗೆ ನನ್ನ ಮೊದಲನೆಯ ಸ್ವತಂತ್ರ ಪತ್ರ ಹೋಗಿ, ಅದಕ್ಕೆ ಉತ್ತರವೂ ಬಂದಿರಬೇಕೆಂದು ನನಗೆ ಆಸೆಯಾಯಿತು.

ಅವರ ಅಳತೆಯ ಟೇಪನ್ನು ತೆಗೆದುಕೊಂಡು ದೊಡ್ಡಮ್ಮನವರ ಹಿತ್ತಿಲಿಗೆ ಹೋದೆ. ಟೇಪಿನ ಒಂದು ತುದಿಯನ್ನು ಅವರೇ ಹಿಡಿದರು. ಎಲೆಗಳನ್ನು ಸರಿಸಿ ಗಡಿಕಲ್ಲನ್ನು ಹುಡುಕಿ ತೆಗೆದವಳು ನಾನು. ಅಲ್ಲಿಂದ ನಿಂತ ನೀರಿನವರೆಗೆ ಅಳೆದೆ. ಫುಲ್‌ಸ್ಕೇಪ್ ಹಾಳೆಯ ಮೇಲೆ, ಕಾರ್ಬನ್ ಇಟ್ಟು, ದುಂಡಗಿನ ಅಕ್ಷರದಲ್ಲಿ ಬರೆದೆ. ಅದರ ಮುಖ್ಯ ವಾಕ್ಯ ಇಂದಿಗೂ ನನಗೆ ಬಾಯಿಪಾಠವಾಗಿದೆ: “ಅರ್ಜಿದಾರಳ ಗಡಿಕಲ್ಲಿನಿಂದ ಆಚೆಗೆ ಆರು ಅಡಿ ನಾಲ್ಕು ಅಂಗುಲದವರೆಗೆ ಬೆಳೆಸಲ್ಪಟ್ಟಿರುವ ಕ್ರೋಟನ್ ಸಾಲಿಗೆ ಚರಂಡಿಯ ನೀರು ನುಗ್ಗುತ್ತಿದ್ದು, ತಾವು ಖುದ್ದು ಪರಿಶೀಲಿಸಿ ವಿಳಂಬವಿಲ್ಲದೆ ಕ್ರಮ ಜರುಗಿಸಬೇಕಾಗಿ ಪ್ರಾರ್ಥನೆ.”

ಗಟ್ಟಿಯಾಗಿ ಓದಿ ಹೇಳಿದೆ. ದೊಡ್ಡಮ್ಮನವರಿಗೆ ಓದು ಬರುತ್ತಿರಲಿಲ್ಲ. “ದಫೇದಾರ್ರು ಪೇಟ ಇಕ್ಕೊಂಡಂಗದೆ ಕಣವ್ವ ನಿನ್ ಮಾತು” ಎಂದು ಬಹಳ ಸಂತೋಷಪಟ್ಟರು. ಶಾಯಿಯ ಪ್ಯಾಡನ್ನು ಮುಂದಿಟ್ಟೆ. ಆ ಕಂದು ಉಗುರಿನ ಹೆಬ್ಬೆರಳನ್ನು ನಾನೇ ಹಿಡಿದು, ಮೂಲಪ್ರತಿಯ ಮೇಲೆ ಒಂದು, ಕಾರ್ಬನ್ ಪ್ರತಿಯ ಮೇಲೆ ಒಂದು, ಹೀಗೆ ಎರಡು ಸಲ ಒತ್ತಿಸಿದೆ. ಆ ವರ್ಷವೂ ಸಾಲಿನೊಳಗೆ ಪಿಕಳಾರ ಗೂಡು ಕಟ್ಟಿತ್ತು. ಒಳಗೆ ಮೊಟ್ಟೆಗಳಿದ್ದವು. ಹೆಬ್ಬೆಟ್ಟು ಒತ್ತಿದ ಮೇಲೆ ಅವರು ಆ ಕಡೆ ತಿರುಗಿ, ಇನ್ನು ನಿಮ್ಮ ಮನೆಗೆ ನೀರು ಬರುವುದಿಲ್ಲ ಎಂಬ ಅರ್ಥದಲ್ಲಿ ಏನೋ ಹೇಳಿಕೊಂಡರು.

ಒಂಬತ್ತನೆಯ ದಿನ ಬೆಳಿಗ್ಗೆ ಮುನಿಸಿಪಾಲಿಟಿಯ ಒಬ್ಬ ಇನ್ಸ್‌ಪೆಕ್ಟರು, ಕುಡುಗೋಲು ಹಾರೆಗಳೊಂದಿಗೆ ಮೂವರು ಆಳುಗಳು ಓಣಿಗೆ ಬಂದರು. ನಾನು ಗೋಡೆಯ ಈಚೆ ಬಟ್ಟೆ ಒಣಗಿಹಾಕುತ್ತಿದ್ದೆ. ನನ್ನ ಪತ್ರಕ್ಕೆ ಇಷ್ಟು ಬೇಗ ಬಂದರಲ್ಲ ಎಂದು ಹಿಗ್ಗಿದೆ. ಇನ್ಸ್‌ಪೆಕ್ಟರು ಒರಟು ಮನುಷ್ಯರಲ್ಲ. ಕಡತವನ್ನು ಬಿಚ್ಚಿ ಸಮಾಧಾನವಾಗಿಯೇ ಕೇಳಿದರು:

“ಅರ್ಜಿ ಕೊಟ್ಟೋರು ನೀವೇ ಏನಮ್ಮ?”

“ಹೂಂ ಸ್ವಾಮಿ.”

“ಈ ಸಾಲು ಪೂರ್ತಿ ಓಣಿ ಜಾಗದಲ್ಲಿದೆ. ಇದರ ಬೇರು ಹೋಗಿಯೇ ಚರಂಡಿ ಕಲ್ಲು ಕುಸಿದಿರೋದು. ತೆಗೀದೆ ರಿಪೇರಿ ಆಗಲ್ಲ. ಆರು ಅಡಿ ನಾಲ್ಕು ಅಂಗುಲ ಒತ್ತುವರಿ ಅಂತ ನೀವೇ ಬರ್ಕೊಟ್ಟಿದ್ದೀರಿ, ನಾವು ಅಳೆಯೋ ಅಗತ್ಯವೂ ಇಲ್ಲ.”

ಇನ್ಸ್‌ಪೆಕ್ಟರು ಹಾಳೆಯನ್ನು ತಿರುಗಿಸಿ ನೋಡಿ, “ಯಾರು ಬರೆದದ್ದು ಇದು? ತಮ್ಮ ಕುತ್ತಿಗೆಗೆ ತಾವೇ ಹಗ್ಗ ಕೊಟ್ಟಹಾಗಿದೆ” ಎಂದರು.

ನನ್ನ ಕೈಯಲ್ಲಿ ಒದ್ದೆ ಬಟ್ಟೆಯಿತ್ತು. ಗೋಡೆ ಎದೆಮಟ್ಟದ್ದು. ಒಂದು ಹೆಜ್ಜೆ ಮುಂದಿಟ್ಟರೆ ಇಬ್ಬರಿಗೂ ನಾನು ಕಾಣುತ್ತಿದ್ದೆ. ಹುದ್ದೆಯ ಆದೇಶ ಇನ್ನೂ ಬಂದಿರಲಿಲ್ಲ. ಅರ್ಜಿ ಬರೆಯಲು ಬಾರದವಳೆಂಬ ಮಾತು ಕಚೇರಿಯಿಂದ ಕಚೇರಿಗೆ ಹೋದರೆ ಗತಿಯೇನೆಂದು ಹೆದರಿದೆ. ಒಣಗಿಹಾಕಿದ ಸೀರೆಯ ಹಿಂದೆ ಸರಿದು ನಿಂತೆ. ದೊಡ್ಡಮ್ಮನವರು ಗೋಡೆಯ ಕಡೆಗೆ ಒಮ್ಮೆ ನೋಡಿದರು. ಸೀರೆಯ ಕೆಳಗೆ ನನ್ನ ಪಾದಗಳು ಅವರಿಗೆ ಕಂಡಿರಬೇಕು.

“ಮಾತು ನಂದೇ ಸ್ವಾಮಿ. ಹೆಬ್ಬೆಟ್ಟೂ ನಂದೇ” ಎಂದರು.

ಆಮೇಲೆ ಅವರು ಬೇಡಿಕೊಂಡದ್ದು ಒಂದೇ. ಜುಟ್ಟಿನ ಹಕ್ಕಿ ಮರಿ ಮಾಡಿದೆ, ರೆಕ್ಕೆ ಬಲಿಯುವವರೆಗೆ ಎಂಟು ದಿನ ತಡೆಯಬೇಕು ಎಂದು. ಇನ್ಸ್‌ಪೆಕ್ಟರು ಬಗ್ಗಿ ಗೂಡನ್ನು ನೋಡಿದರು. ಮುಖ ಸಣ್ಣದು ಮಾಡಿಕೊಂಡು, ನೀವೇ ವಿಳಂಬವಿಲ್ಲದೆ ಎಂದು ಬರೆದಿದ್ದೀರಿ, ಅದರ ಮೇಲೆ ಇಂದಿನ ತಾರೀಖಿಗೆ ಆದೇಶವಾಗಿದೆ, ಆಳುಗಳು ನಾಳೆ ಬೇರೆ ಕಡೆಗೆ ಹೋಗಬೇಕು ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆ ಪದ ನನ್ನದು. ತಂದೆಯವರ ಹಳೆಯ ಪತ್ರದಿಂದ ತೆಗೆದು, ಶೋಭೆಗೆಂದು ಸೇರಿಸಿದ್ದೆ.

ಮಧ್ಯಾಹ್ನದೊಳಗೆ ಸಾಲು ನೆಲಕ್ಕೆ ಬಿತ್ತು. ಕಡಿದ ಬುಡಗಳಿಂದ ಬಿಳಿಯ ರಸ ಒಸರಿ, ಸಂಜೆಯ ಹೊತ್ತಿಗೆ ಓಣಿಯ ಕಲ್ಲುಗಳ ಮೇಲೆಲ್ಲ ಕಂದು ಕಲೆಗಳಾಗಿದ್ದವು. ಆಳುಗಳಲ್ಲೊಬ್ಬ ಗೂಡನ್ನು ಕೊಂಬೆಯ ಸಮೇತ ತಂದು, ಅಂಗಳದ ಕ್ರೋಟನ್ ಗಿಡದಲ್ಲಿ ಜೋಪಾನವಾಗಿ ಕಟ್ಟಿದ. ಆದರೆ ತಾಯಿಹಕ್ಕಿ ತಂದೆಹಕ್ಕಿ ಆ ಗಿಡಕ್ಕೆ ಬರಲಿಲ್ಲ. ಸಾಲು ಇದ್ದ ಜಾಗದಲ್ಲಿ, ಮೊದಲು ಕೊಂಬೆಯಿದ್ದ ಎತ್ತರಕ್ಕೆ, ಏನೂ ಇಲ್ಲದ ಗಾಳಿಯಲ್ಲಿ ರೆಕ್ಕೆ ಬಡಿಯುತ್ತ ಎರಡು ದಿನ ಕೂಗಿದವು. ಮೂರನೆಯ ದಿನ ಗೂಡು ಖಾಲಿಯಾಗಿತ್ತು. ಕಾಗೆಗಳಿಗೆ ದಾರಿ ತಿಳಿದಿತ್ತು.

ಚರಂಡಿ ಸರಿಹೋಯಿತು. ನೀರು ಸರಾಗವಾಗಿ ಹರಿಯಿತು. ಅರ್ಜಿಯಲ್ಲಿ ಕೋರಿದ್ದೆಲ್ಲವೂ ಮಂಜೂರಾಗಿತ್ತು.

ತಂದೆಯವರು ಕ್ಯಾಂಪಿನಿಂದ ಬಂದು ಕಾರ್ಬನ್ ಪ್ರತಿಯನ್ನು ಓದಿದರು. ಬಯ್ಯುತ್ತಾರೆಂದು ಕಾದೆ. ಬಯ್ದಿದ್ದರೆ ಒಳ್ಳೆಯದಿತ್ತು. ಹಿತ್ತಿಲ ಬಾಗಿಲಿನಿಂದ ಬರಿದಾದ ಓಣಿಯನ್ನು ನೋಡಿ ಬಂದು, ಹಾಳೆಯನ್ನು ಮಡಿಸಿ ನನ್ನ ಕೈಗೆ ಕೊಟ್ಟು, “ಅಳತೆ ಸರಿಯಾಗಿದೆ” ಎಂದಷ್ಟೇ ಹೇಳಿದರು. ಅನಂತರ ಎಂದೂ ಅವರು ಭಾನುವಾರ ನನ್ನನ್ನು ಪತ್ರ ಬರೆಯಲು ಕರೆಯಲಿಲ್ಲ.

ಆ ವಾರದ ಗುರುವಾರ ಸಂಜೆ ದೊಡ್ಡಮ್ಮನವರು ಕಾಂಪೌಂಡಿನ ಮೇಲೆ ಏನನ್ನೂ ಇಡಲಿಲ್ಲ. ಆದರೆ ದೀಪ ಹಚ್ಚುವ ಹೊತ್ತಿಗೆ ಅಲ್ಲಿ ಒಂದು ಗಂಟು ಇತ್ತು. ಮತ್ತೆ ನೋಡಿದಾಗ ನಾಲ್ಕು. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು, ತಮ್ಮ ತಮ್ಮ ಮನೆಯ ಗಿಡಗಳಿಂದ ಚಿವುಟಿದ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟು, ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು. ಎದುರು ಮನೆಯ ಸೊಸೆ ಕಂಕುಳಲ್ಲಿ ಮಗುವನ್ನು ಎತ್ತಿಕೊಂಡು ಬಂದು ಇಟ್ಟಳು. ಎಲ್ಲರೂ ಹೋದ ಮೇಲೆ ನಮ್ಮ ತಾಯಿಯವರು ಬಚ್ಚಲಿಗೆ ಹೋಗಿ ಚೊಂಬಿನಲ್ಲಿ ಹಂಡೆಯನ್ನು ಎರಡು ಸಲ ಬಡಿದರು.

ದೊಡ್ಡಮ್ಮನವರು ಹೊರಗೆ ಬಂದರು. ಗಂಟುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರು. ಪ್ರತಿ ಕಡ್ಡಿಯೂ ಯಾವ ವರ್ಷ ಯಾರ ಮನೆಗೆ ಹೋದದ್ದೆಂದು ಅವರಿಗೆ ಗೊತ್ತಿತ್ತು. ಮತ್ತೆ ಹಾಗೆಯೇ ಸುತ್ತಿಟ್ಟರು. ಗೋಡೆಯ ಬಳಿ ನಿಂತಿದ್ದ ನನ್ನ ಕಡೆಗೆ ತಿರುಗಿ, “ಕದ್ದಿದ್ದೇ ಹತ್ತೋದು ಕಣವ್ವ. ನನ್ ಗೋಡೆ ಮ್ಯಾಲಿಂದ ನಾನೇ ಎಂಗೆ ಕದೀಲಿ?” ಎಂದರು. ನಗುವ ಪ್ರಯತ್ನ ಮಾಡಿದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಎರಡು ದಿನಗಳ ಬಿಸಿಲಿಗೆ ಕಡ್ಡಿಗಳು ಅಲ್ಲಿಯೇ ಒಣಗಿದವು.

ಆದರೆ ಒಂದು ಕಡ್ಡಿ ಒಣಗಲಿಲ್ಲ. ಅದನ್ನು ನಾನು ಕದ್ದೆ. ಜಡೆಕುಚ್ಚಿನದು. ಯಾರಿಗೂ ಹೇಳದೆ, ನಮ್ಮ ಎರಡು ಮನೆಗಳ ನಡುವಿನ ಗೋಡೆಯ ಬುಡದಲ್ಲಿ, ನಮ್ಮ ಕಡೆಗೆ ನೆಟ್ಟೆ.

ಆ ಬೇಸಿಗೆಯಲ್ಲಿಯೇ ದೊಡ್ಡಮ್ಮನವರ ತೋಟ ಹಾಳಾಯಿತು. ಪಡುವಣ ಬಿಸಿಲನ್ನು ತಡೆಯುತ್ತಿದ್ದದ್ದು ಆ ಸಾಲು ಎಂಬುದು ನಮಗಾರಿಗೂ ಹೊಳೆದಿರಲಿಲ್ಲ. ಬಣ್ಣದ ಕೆಸದ ಎಲೆಗಳು ಸುಟ್ಟ ಹಪ್ಪಳದಂತಾದವು. ಕೋಲಿಯಸ್ ನಿಂತಲ್ಲಿಯೇ ಜೋತುಬಿದ್ದಿತು, ಅಂಗಳದ ಕ್ರೋಟನ್ ಗಿಡಗಳೂ ಒಣಗಿದವು. ದೊಡ್ಡಮ್ಮನವರು ನೀರು ಹಾಕುವುದನ್ನು ನಿಲ್ಲಿಸಲಿಲ್ಲ, ಗಿಡಗಳೇ ನಿಲ್ಲಲಿಲ್ಲ. ನನ್ನ ಆದೇಶ ಬಂತು. ಕೆಲಸಕ್ಕೆ ಸೇರಿದೆ. ಮೊದಲ ದಿನ ಹೊರಟಾಗ ಅವರು ಎದುರು ಬರಬಾರದೆಂದು ಒಳಗೇ ಇದ್ದು, ನಾನು ಬೀದಿಯ ತಿರುವು ದಾಟುವವರೆಗೆ ಕಿಟಕಿಯ ಸಂದಿನಿಂದ ನೋಡಿದರೆಂದು ತಾಯಿಯವರು ಹೇಳಿದರು.

ನಾನು ಅವರ ಹಿತ್ತಿಲಿಗೆ ಹೋಗುವುದನ್ನು ಕ್ರಮೇಣ ಬಿಟ್ಟೆ. ಕೆಲಸ ಹೆಚ್ಚೆಂದು ಹೇಳಿಕೊಳ್ಳುತ್ತಿದ್ದೆ. ಅವರು ಬಾ ಎಂದು ಕರೆಯಲಿಲ್ಲ, ಏಕೆ ಬರುವುದಿಲ್ಲವೆಂದೂ ಕೇಳಲಿಲ್ಲ. ಜಡೆಕುಚ್ಚು ಮಾತ್ರ ಬೆಳೆಯಿತು. ನಾಲ್ಕೈದು ವರ್ಷಗಳಲ್ಲಿ ಗೋಡೆಯನ್ನು ಮೀರಿ ಅವರ ಕಡೆಗೆ ಬಾಗಿತು. ಒಂದು ಬೆಳಿಗ್ಗೆ ನೋಡುತ್ತೇನೆ, ಗೋಡೆಯ ಮೇಲೆ, ಆ ಗಿಡದ ಪಕ್ಕದಲ್ಲಿ, ಒಡೆದ ಮಡಕೆಯ ತಳದಲ್ಲಿ ನೀರು ಇಟ್ಟಿತ್ತು. ಅಂದಿನಿಂದ ದಿನವೂ ಇರುತ್ತಿತ್ತು. ಆ ವರ್ಷ ಪಿಕಳಾರ ಬಂದು ಕೂತು ನೀರು ಕುಡಿದು ಹೋಯಿತು. ಗೂಡು ಕಟ್ಟಲಿಲ್ಲ.

ನಾನು ಹೇಳಬಹುದಾಗಿತ್ತು. ಗೋಡೆಯ ಆಚೆಗೆ ಅವರು ನೀರು ಸುರಿಯುವ ಸದ್ದು ಕೇಳಿಸುತ್ತಿತ್ತು. ಅಂದು ನಾನು ಸೀರೆಯ ಹಿಂದೆ ನಿಂತಿದ್ದೆ ದೊಡ್ಡಮ್ಮ, ತಪ್ಪಾಯಿತು, ಎನ್ನಲು ಎಷ್ಟು ಹೊತ್ತು ಬೇಕು? ಪ್ರತಿ ಬೆಳಿಗ್ಗೆಯೂ ಸಂಜೆ ಹೇಳೋಣವೆಂದುಕೊಂಡೆ. ಕಚೇರಿಯಲ್ಲಿ ಬಾಕಿ ಕಡತಗಳನ್ನು ಹೀಗೆಯೇ ಕೆಳಗೆ ಕೆಳಗೆ ಸೇರಿಸುತ್ತಾರೆ.

ಕಳೆದ ಮಾಗಿಯಲ್ಲಿ, ನಾಲ್ಕು ದಿನ ಜ್ವರದಲ್ಲಿ ಮಲಗಿ, ದೊಡ್ಡಮ್ಮನವರು ತೀರಿಕೊಂಡರು. ಕಚೇರಿಗೆ ಹೇಳಿ ಕಳುಹಿಸಿದ್ದರು. ರಜೆಯ ಚೀಟಿಯಲ್ಲಿ ಕಾರಣ ಎಂಬಲ್ಲಿ ಏನು ಬರೆಯಬೇಕೆಂದು ತೋಚದೆ ಬಹಳ ಹೊತ್ತು ಕೂತೆ. ಬಂಧುಗಳಲ್ಲ. ಕೊನೆಗೆ, ದೊಡ್ಡಮ್ಮನವರ ಮರಣ ಎಂದು ಬರೆದೆ.

ಬೋಗಾದಿಯಿಂದ ತಮ್ಮನ ಮಕ್ಕಳು ಬಂದಿದ್ದರು. ದೊಡ್ಡಮ್ಮನವರ ಕೈಯಿಂದ ಎಂದೂ ನೇರವಾಗಿ ಗಿಡ ತೆಗೆದುಕೊಳ್ಳದ ಬೀದಿಯ ಹೆಂಗಸರೆಲ್ಲರೂ ಬಂದು ಹೂವು ಹಾಕಿದರು. ನಾನು ಹತ್ತಿರ ಕೂತು ಕೈಯನ್ನು ನೋಡಿದೆ. ಬಲಗೈ ಹೆಬ್ಬೆರಳಿನ ಉಗುರು ಬೆಳ್ಳಗಾಗಿತ್ತು. ಚಿವುಟುವುದಕ್ಕೆ ಗಿಡವಿಲ್ಲದೆ, ಕಲೆಯುಳ್ಳ ಉಗುರೆಲ್ಲ ಬೆಳೆದು, ಕತ್ತರಿಸಿಹೋಗಿ, ಎಲ್ಲರ ಉಗುರಿನಂತಹ ಉಗುರು ಬಂದಿತ್ತು. ಅದು ಯಾವಾಗ ಬೆಳ್ಳಗಾಯಿತೆಂದು ನಾನು ನೋಡಿರಲಿಲ್ಲ.

ಎದ್ದು ಹೋಗಿ ಗೋಡೆಯ ಮೇಲೆ ಬಾಗಿದ್ದ ಜಡೆಕುಚ್ಚಿನ ಕಡ್ಡಿಯೊಂದನ್ನು ಅವರಂತೆಯೇ ಉಗುರಿನಿಂದ ಚಿವುಟಿ ತಂದು ಅವರ ಕೈಯಲ್ಲಿಟ್ಟೆ. ಎಲೆಯನ್ನು ಯಾರೂ ಇಡುವುದಿಲ್ಲವೆಂದು ಒಬ್ಬರು ಹೇಳಿದರು. ನಮ್ಮ ತಾಯಿಯವರು, ಇರಲಿ ಬಿಡಿ ಎಂದರು. ಮುರಿದ ತುದಿಯಿಂದ ಒಂದು ಹನಿ ರಸ ಇಳಿದು ಆ ಬಿಳಿಯ ಉಗುರಿನ ಮೇಲೆ ನಿಂತಿತು. ಅದು ಕಂದುವುದಕ್ಕೆ ಮೊದಲೇ ಅವರನ್ನು ಎತ್ತಿಕೊಂಡು ಹೋದರು.

ಅರ್ಜಿಯ ಕಾರ್ಬನ್ ಪ್ರತಿ ಈಗ ನನ್ನ ಮುಂದೆ ಇದೆ. ಕೆಳಗೆ ಅವರ ಹೆಬ್ಬೆಟ್ಟಿನ ಗುರುತು ಇನ್ನೂ ಸ್ಪಷ್ಟವಾಗಿದೆ. ಆದ್ದರಿಂದ, ತಡವಾಗಿಯಾದರೂ, ಸಂಬಂಧಪಟ್ಟ ಎಲ್ಲರ ಅವಗಾಹನೆಗೆ ತರುವುದೇನೆಂದರೆ: ಗಡಿಕಲ್ಲನ್ನು ಹುಡುಕಿ ತೆಗೆದವಳು ನಾನು, ಅಳತೆ ಹಾಕಿದವಳು ನಾನು, ವಿಳಂಬವಿಲ್ಲದೆ ಎಂದು ಬರೆದವಳೂ ನಾನು. ಹೆಬ್ಬೆಟ್ಟು ಮಾತ್ರ ಅವರದು. ಮಾತು ನನ್ನದು.